ಒಂದು ಕೊಂಡರೆ ಒಂದು ಉಚಿತ

ಅಕ್ಕಪಕ್ಕದ ಮನೆಯ ಶೇಷಾದ್ರಿ ಮತ್ತು ಮೋನಪ್ಪ ಇಬ್ಬರದೂ ಒಂದೇ ಮಾದರಿಯ, ಒಂದೇ ವರ್ಷದ ಕಾರು. ಮೋನಪ್ಪನದು ಮಾತ್ರ ಇನ್ನೂ ಹೊಸದರಂತೆ ಮಿಂಚುತ್ತಿತ್ತು. ಅದನ್ನು ಕಂಡಾಗಲೆಲ್ಲ ಶೇಷಾದ್ರಿಗೆ ಹೊಟ್ಟೆ ಉರಿಯುತ್ತಿತ್ತು. ಅದರ ಬ್ರೇಕ್ ಪ್ಯಾಡ್ ಸವೆದಿದೆಯೆಂದು ಗೊತ್ತಾದದ್ದೇ ತಡ, ತಾನಾಗಿಯೇ ಸಲಹೆ ಕೊಡಲು ಹೋದ.

"ಅಂಗಡಿಗೆ ಯಾಕೆ ಹೋಗ್ತೀರಾ ಸಾರ್? ಆನ್‌ಲೈನಲ್ಲಿ ಅರ್ಧ ಬೆಲೆಗೆ ಸಿಗತ್ತೆ. ನಾನೂ ಅದನ್ನೇ ಹಾಕ್ಸೋದು."

ಅದು ನಕಲಿ ಮಾಲು. ಒಮ್ಮೆ ಕೊಂಡು ಕೈ ಸುಟ್ಟುಕೊಂಡ ಮೇಲೆ ಶೇಷಾದ್ರಿ ಅದರ ತಂಟೆಗೇ ಹೋಗಿರಲಿಲ್ಲ.

ಮುಂದಿನ ಭಾನುವಾರ ಹೆಂಡತಿಯೊಡನೆ ಘಾಟಿ ಇಳಿಯುತ್ತಿದ್ದಾಗ ಶೇಷಾದ್ರಿ ಬ್ರೇಕನ್ನು ಮತ್ತೆ ಮತ್ತೆ ತುಳಿದ.

"ಬ್ರೇಕ್ ಯಾಕೋ ಹಿಡೀತಾ ಇಲ್ಲ ಕಣೇ!"

"ಅಯ್ಯೋ, ಹೊಸದಲ್ವೇನ್ರೀ? ಮೋನಪ್ಪನವರಿಗೆ ಒಂದು ಕೊಂಡಿದ್ದಕ್ಕೆ ಇನ್ನೊಂದು ಫ್ರೀ ಬಂತಂತೆ. ನಿನ್ನೆ ನೀವು ಹೊರಗೆ ಹೋಗಿದ್ದಾಗ ಮೆಕ್ಯಾನಿಕ್‌ನ ಕರೆಸಿ ನಮ್ಮ ಕಾರಿಗೂ ಹಾಕಿಸಿದ್ರು."