ಹೊಸ ಬಾವಿಯ ಮೊದಲ ನೀರು

ಉತ್ತರದಲ್ಲಿ ನೀರೆಲ್ಲ ಹೆಪ್ಪುಗಟ್ಟಿ ಹಿಮ ಬೆಳೆದಷ್ಟೂ ಇಲ್ಲಿ ಕಡಲು ತಗ್ಗಿ ಹಿಂದೆ ಸರಿಯುತ್ತಿತ್ತು. ಮೀನು ಬಿಟ್ಟರೆ ಬೇರೆ ಗತಿಯಿಲ್ಲದ ಗುಲಾಬಿಯ ಕೇರಿ ವರ್ಷವರ್ಷವೂ ಗುಡಿಸಲು ಬಿಚ್ಚಿಕೊಂಡು ಅದರ ಬೆನ್ನು ಹತ್ತುತ್ತಿತ್ತು.

ಹೋದಲ್ಲೆಲ್ಲ ಮೊದಲು ಬಾವಿ, ಆಮೇಲೆ ಮನೆ. ಕೇರಿಯ ಹಿರಿಯಳು ಮೊದಲ ನೀರು ಕುಡಿದು ಸಿಹಿ ಎಂದರೆ ಕಂಬ ನೆಡುತ್ತಿದ್ದರು. ಉಪ್ಪು ಎಂದರೆ ಮತ್ತೆ ನಡೆಯಬೇಕು. ಈಗ ಹಿರಿಯಳು ಗುಲಾಬಿಯೇ. ಹಿಂದೆ ಬಿಟ್ಟುಬಂದ ಬಾವಿಗಳು ಮಳೆಯಿಲ್ಲದೆ ಬತ್ತಿದ್ದವು, ದಾರಿಯಲ್ಲಿ ತೋಡಿದವೆಲ್ಲ ಉಪ್ಪಾಗಿದ್ದವು. ತುಂಬು ಬಸುರಿ ಸೊಸೆ ವನಜ ಕಾಲು ಬಾತು ಮರಳಿನ ಮೇಲೆ ಒರಗಿದ್ದಳು.

ಬಾವಿ ತೋಡಿದ ಶೀನ ಕೊಡ ಎತ್ತಿಕೊಟ್ಟ. "ಕುಡೀರಿ ಗುಲಾಬಕ್ಕ. ಮುಖ ಮಾತ್ರ ಹುಳ್ಳಗೆ ಮಾಡ್ಬೇಡಿ ಮಾರಾಯ್ರೆ, ಹೆದರಿಕೆ ಆಗ್ತದೆ."

ಗುಲಾಬಿ ಕುಡಿದಳು. ಅದು ಬರೀ ಕಡಲ ನೀರು. ಅವಳು ಸೊಸೆಯ ಕಾಲು ನೋಡಿದಳು.

"ಸಿಹಿ ಉಂಟು" ಎಂದಳು.

ಸುಳ್ಳು ಈಗ ಬಯಲಾಗುತ್ತದೆಂದು ಕಾದಳು. ಶೀನ ಕುಡಿದ. ಅವನ ಕಣ್ಣಲ್ಲಿ ನೀರು ಬಂತು.

"ಹೌದಕ್ಕ, ಎಳನೀರಿನ ಹಾಗೆ ಉಂಟು" ಎಂದು ಅವಳ ಮುಖ ನೋಡದೆ ಕೊಡವನ್ನು ಪಕ್ಕದವಳಿಗೆ ದಾಟಿಸಿದ. ಅವಳೂ ಕುಡಿದು ಸಿಹಿ ಎಂದಳು. ಯಾರೂ ಉಗುಳಲಿಲ್ಲ. ಗಂಡಸರು ಕಂಬಕ್ಕೆ ಗುಂಡಿ ತೋಡತೊಡಗಿದರು.

ಕೊಡ ವನಜಳ ಬಳಿ ಬಂದಾಗ ಗುಲಾಬಿ ತಡೆಯಲು ಕೈ ಚಾಚಿದಳು. ಅಷ್ಟರಲ್ಲಿ ಸೊಸೆ ಗಟಗಟನೆ ಕುಡಿದು ತುಟಿ ಒರೆಸಿಕೊಂಡಿದ್ದಳು.

"ಸಿಹಿ ಉಂಟು ಅತ್ತೆ" ಎಂದಳು. "ಇನ್ನು ನಡೆಯುದು ಬೇಡ ಅಲ್ವಾ?"