ಸಾವ್ಕಾರ ದುರುಗವ್ವ

ಹೆಗಲ ಮೇಲೆ ಟವೆಲ್ ಹಾಕಿಕೊಂಡದ್ದೇ ತಡ, ದುರುಗವ್ವ ಥೇಟ್ ಸಾವ್ಕಾರನಾಗಿಬಿಟ್ಟಳು. ಕೊಕ್ಕನೂರಿನ ಶಾಲೆಯ ಜಗಲಿಯಲ್ಲಿ ಕೂತ ಕೂಲಿ ಹೆಂಗಸರು ಬಿದ್ದು ಬಿದ್ದು ನಕ್ಕರು. ಅವರಿಗೆ ಕೂಲಿಯ ಹಕ್ಕು ತಿಳಿಸಲು ದಾವಣಗೆರೆಯಿಂದ ಬಂದಿದ್ದ ಸುನೀತಾ ಮೇಡಂ ಭಾಷಣ ಬಿಟ್ಟು ನಾಟಕ ಆಡಿಸುತ್ತಿದ್ದರು. ಆಳಾಗಿ ಎದುರು ನಿಂತವಳು ದುರುಗವ್ವನ ಸೊಸೆ ಚೌಡೇಶ್ವರಿ.

“ಸಾವ್ಕಾರ್ರೆ, ಗಂಡಸ್ರು ಮುರಿದಷ್ಟೇ ಮೆಕ್ಕೆಜೋಳದ ತೆನೆ ನಾವೂ ಮುರೀತೀವಿ. ನಮಗ್ಯಾಕ್ರಿ ಕೂಲಿ ಕಮ್ಮಿ?”

“ಹಿಂದ್ಲಿಂದ ಹಂಗೇ ನಡ್ಕಂಡು ಬಂದೈತೆ. ಹೆಂಗಸ್ರ ಕೆಲ್ಸ ಹಗುರ.” ವರ್ಷಗಟ್ಟಲೆ ಕೇಳಿಸಿಕೊಂಡ ಮಾತು, ದುರುಗವ್ವ ತಡವರಿಸಲಿಲ್ಲ.

“ಹೊಲ ಒಂದೇ, ಬಿಸ್ಲು ಒಂದೇ. ನಮ್ ಕೆಲ್ಸ ಅದ್ಹೆಂಗೆ ಹಗುರ?” ಮನೆಯಲ್ಲಿ ಅತ್ತೆಗೆ ಎದುರಾಡದ ಸೊಸೆ ಕಣ್ಣು ಕೆಳಗಿಳಿಸಲಿಲ್ಲ.

“ಬ್ಯಾಡಾದ್ರೆ ನಾಳಿಂದ ಬರಬ್ಯಾಡ!”

ನಗು ನಿಂತಿತು. ಹೊಲದ ಬದುವಿನ ಮೇಲೆ ಒಂದಲ್ಲ ಒಂದು ದಿನ ಅಲ್ಲಿದ್ದ ಪ್ರತಿಯೊಬ್ಬಳ ಬಾಯಿ ಮುಚ್ಚಿಸಿದ್ದ ಮಾತು ಅದು. ಅಷ್ಟರಲ್ಲಿ ಹಿಂದಿನಿಂದ ಒಬ್ಬಳು ಎದ್ದು, “ಅವ್ಳು ಬರದಿದ್ರೆ ನಾನೂ ಬರಲ್ರಿ” ಎಂದಳು. “ನಾನೂ ಅಷ್ಟೇಯ” ಎಂದು ಮತ್ತೊಬ್ಬಳು. ನೋಡನೋಡುತ್ತಿದ್ದಂತೆ ಜಗಲಿ ಪೂರಾ ಎದ್ದು ನಿಂತಿತು.

ಸಾವ್ಕಾರನ ಮುಂದಿನ ಮಾತಿಗಾಗಿ ದುರುಗವ್ವ ನೆನಪನ್ನೆಲ್ಲ ಕೆದಕಿದಳು. ಸಿಗಲಿಲ್ಲ. ಇಷ್ಟು ವರ್ಷದಲ್ಲಿ ಮಾತು ಅಲ್ಲಿಯವರೆಗೆ ಎಂದೂ ಹೋಗಿರಲೇ ಇಲ್ಲ.

“ಹೇಳ್ರಿ ಸಾವ್ಕಾರ್ರೆ,” ಎಂದರು ಸುನೀತಾ.

ದುರುಗವ್ವ ಎದ್ದು ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. “ಎಲ್ರೂ ಹಿಂಗೆ ಎದ್ದು ಹೋದ್ರೆ ನನ್ ತೆನೆ ಯಾರ್ರೇ ಮುರಿಯೋರು?” ಅಂದಳು, ನಿಜವಾಗಲೂ ಹೆದರಿದವರ ದನಿಯಲ್ಲಿ.