ಎರಡು ತೋಟಾ

ಡಾಕ್ಟರು ಕೈಚೆಲ್ಲಿದ ಸುದ್ದಿ ಅಪ್ಪಚ್ಚುವಿನ ಕಿವಿಗೆ ಬೀಳಬಾರದೆಂದು ಗೆಳೆಯ ಉತ್ತಯ್ಯ ದಿನಾ ಬಂದು ಮಂಚದ ಬದಿಗೆ ಕೂತು ಅರ್ಜೆಂಟೀನಾದ ಹಕ್ಕಿಬೇಟೆಯ ಮಾತು ತೆಗೆಯುತ್ತಿದ್ದ.

“ವೀಸಾ ಬಂತು ಮಾರಾಯ! ಅಲ್ಲಿ ಪಾರಿವಾಳ ಎದ್ರೆ ಬಿಸಿಲೇ ಕಾಣಲ್ವಂತೆ.”

“ಕೋವಿ?”

“ಅಲ್ಲೇ ಕೊಡ್ತಾರೆ.”

“ಹಾಗಾದ್ರೆ ನನ್ನ ಕೋವಿ ನೀನಿಟ್ಕೊ. ಎಣ್ಣೆ ಹಾಕಿಸಿದ್ದೀನಿ. ಜೊತೆಗೆ ಎರಡು ತೋಟಾ ಇದೆ.”

“ಎರಡು ತೋಟಾ ಯಾವ ಮೂಲೆಗೆ ಸಾಲುತ್ತೆ? ಅಲ್ಲಿ ಪೆಟ್ಟಿಗೆಗಟ್ಟಲೆ ಬೇಕು!” ಉತ್ತಯ್ಯ ಜೋರಾಗಿ ನಕ್ಕ.

ಅಪ್ಪಚ್ಚು ಅವನ ಕೈ ಹಿಡಿದುಕೊಂಡ.

“ನನ್ನ ಮಗ ಹುಟ್ಟಿದಾಗ ಅಂಗಳದಲ್ಲಿ ನಿಂತು ಒಂದು ಗುಂಡು ಹಾರಿಸಿದವ ನೀನೇ ಅಲ್ವಾ? ನಮ್ಮ ಕೊಡಗಲ್ಲಿ ಸಾವಿಗೆ ಎರಡು. ಮರೆತ್ಯಾ?”